ಇಪ್ಪತ್ತೊಂಬತ್ತನೆಯ ಕಾರ್ಡು

ಫೆಬ್ರವರಿ 3

ಚಿಕ್ಕಪ್ಪನವರಿಗೆ,

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ನಿಮ್ಮ ವಿಳಾಸ ನನಗೆ ಬಾಯಿಪಾಠ. ಆರನೇ ವಯಸ್ಸಿನಿಂದ ಮದುವೆಯಾಗುವ ತನಕ ಅಪ್ಪ ನಿಮಗೆ ಬರೆದ ಕಾರ್ಡುಗಳನ್ನೆಲ್ಲ ಅಂಚೆ ಡಬ್ಬಿಗೆ ಹಾಕಿದವಳು ನಾನೇ. ಅಪ್ಪನ ಸೈನ್ಯದ ಗೆಳೆಯರನ್ನು ಚಿಕ್ಕಪ್ಪ ಎನ್ನದೆ ಇನ್ನೇನೆಂದು ಕರೆಯಲಿ?

ಹೋದ ಅಕ್ಟೋಬರ್‌ನಲ್ಲಿ ಅಪ್ಪ ತೀರಿಕೊಂಡರು. ನಿಮಗೆ ಅಣ್ಣ ತಿಳಿಸಿದ್ದಾನೆಂದು ನಾನು, ನಾನು ತಿಳಿಸಿದ್ದೇನೆಂದು ಅಣ್ಣ, ಹೀಗಾಗಿ ಯಾರೂ ಬರೆಯಲಿಲ್ಲ. ಇಷ್ಟು ತಡವಾಗಿ, ಮುದ್ರಣಾಲಯದ ಕಾಗದದಲ್ಲಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ.

ಮೇ 18ಕ್ಕೆ ಅಪ್ಪನಿಗೆ ಎಪ್ಪತ್ತೈದು ತುಂಬುತ್ತಿತ್ತು. ಅವತ್ತು ಮನೆಯಲ್ಲೇ ಎಲ್ಲರನ್ನೂ ಸೇರಿಸಿ, ಅಪ್ಪನ ಬಗ್ಗೆ ಒಂದು ಚಿಕ್ಕ ಪುಸ್ತಕ ಹಂಚಬೇಕೆಂದು ಅಣ್ಣನೂ ನಾನೂ ನಿಶ್ಚಯಿಸಿದ್ದೇವೆ. ನಾನು ಇಲ್ಲಿ ಕರಡು ತಿದ್ದುವವಳು. ಊರವರ ತಪ್ಪು ತಿದ್ದಿ ಹೊಟ್ಟೆ ಹೊರೆಯುವವಳು ಅಪ್ಪನ ಪುಸ್ತಕದಲ್ಲಿ ಒಂದು ತಪ್ಪು ಬಿಟ್ಟರೂ ನಾಚಿಕೆಗೇಡು. ಅಪ್ಪನ ಹೊಲಿಗೆ ಯಂತ್ರದ ರಿಪೇರಿ ಅಂಗಡಿಯ ಬಗ್ಗೆ ಬರೆದುಕೊಡಲು ಅರ್ಧ ಊರೇ ಸಾಲು ನಿಂತಿದೆ. ಸೈನ್ಯದ ದಿನಗಳ ಬಗ್ಗೆ ಮಾತ್ರ ನಮಗೆ ಏನೆಂದರೆ ಏನೂ ಗೊತ್ತಿಲ್ಲ. ಕೇಳಿದಾಗೆಲ್ಲ "ಗುಂಡಿ ತೋಡ್ತಿದ್ವಿ, ಮುಚ್ತಿದ್ವಿ" ಎನ್ನುತ್ತಿದ್ದರು, ಅಷ್ಟೇ. ನೀವು ಬರೆದುಕೊಡಬೇಕು.

ಇನ್ನೊಂದು ವಿಷಯ. ನಿಮ್ಮ ಚದುರಂಗದಾಟದ ಬಗ್ಗೆ ಒಂದು ಪುಟ ಹಾಕುತ್ತಿದ್ದೇನೆ. ಕಾರ್ಡಿನ ಮೇಲೆ "ಕ್ಷೇಮ" ಎಂಬ ಒಂದು ಪದ, ಕೆಳಗೆ ಒಂದು ಅಂಕಿ. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಕಾರ್ಡು. ದೂರದ ಗೆಳೆಯರು ಅಂಚೆಯಲ್ಲೇ ಚದುರಂಗ ಆಡುತ್ತಾರೆಂದು ಎಲ್ಲೋ ಓದಿ, "ಅಪ್ಪಾ, ನೀವಿಬ್ರೂ ಚೆಸ್ ಆಡ್ತಿದ್ದೀರಾ?" ಎಂದು ಕೇಳಿದ್ದೆ. ಅಪ್ಪ ನನ್ನನ್ನೇ ನೋಡಿ, "ಹೂಂ ಕಣೇ, ತುಂಬಾ ಉದ್ದದ ಆಟ" ಎಂದಿದ್ದರು. ಹನ್ನೆರಡು ವರ್ಷದ ಹಿಂದೆ ನಾನು ಹಾಕಿದ ಕೊನೆಯ ಕಾರ್ಡಿನಲ್ಲಿ ಇಪ್ಪತ್ತೊಂಬತ್ತು ಎಂದಿತ್ತು. ಆಮೇಲೆ ಕಾರ್ಡೇ ಇಲ್ಲ. ಗೆದ್ದವರು ಯಾರು?

ಇಂತಿ,
ಹೊಲಿಗೆ ಯಂತ್ರದವರ ಮಗಳು


ಫೆಬ್ರವರಿ 17

ಮಗಳೇ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ದಿನಾ ತೆಗೆದು ಓದುತ್ತೇನೆ, ಮಡಚಿ ಇಡುತ್ತೇನೆ. ನನಗಿಂತ ಎರಡು ವರ್ಷ ದೊಡ್ಡವನಾದರೂ ನನ್ನನ್ನು ಕಳಿಸಿಯೇ ಅವನು ಹೋಗುವುದು ಅಂದುಕೊಂಡಿದ್ದೆ. ಮೋಸ ಮಾಡಿಬಿಟ್ಟ.

ನಿಮ್ಮಪ್ಪನನ್ನು ನಾವು ಕರೆಯುತ್ತಿದ್ದದ್ದು ಸೂಜಿ ಎಂದು. ಅವನ ಮೈಯೂ ಹಾಗೇ, ಕೆಲಸವೂ ಹಾಗೇ. ಇಡೀ ತುಕಡಿಯ ಹರಿದ ಅಂಗಿ ಅವನ ಮಡಿಲಲ್ಲಿ. ನನಗೆ ಅವನು ಇಟ್ಟ ಹೆಸರು ಗಡಿಬಿಡಿ. ಬೂಟಿನ ದಾರ ಕಟ್ಟುವ ಮುಂಚೆ ನಡೆಯಲು ಶುರು ಮಾಡಿ ಎಡವಿ ಬೀಳುವವನಿಗೆ ಇನ್ನೇನು ಹೆಸರಿಡುತ್ತಾರೆ? "ನಿಧಾನ ಕಣೋ, ನೆಲ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದ. ಓದು ಬರಹ ಬಾರದವರಿಗೆ ಮನೆಯಿಂದ ಬಂದ ಕಾಗದಗಳನ್ನು ಅವನೇ ಓದಿ ಹೇಳುತ್ತಿದ್ದ. ಕೆಟ್ಟ ಸುದ್ದಿ ಇದ್ದರೆ ಮೊದಲು ಊಟ ಮಾಡಿಸಿ ಆಮೇಲೆ ಓದುತ್ತಿದ್ದ. ಇದನ್ನು ಪುಸ್ತಕಕ್ಕೆ ಹಾಕು.

ನನಗೆ ಫೋನು ಮಾಡಬೇಡ. ಎರಡೂ ಕಿವಿ ಆ ಕಾಲದಲ್ಲೇ ಹೋದವು. ಹೆಂಡತಿ ಬದುಕಿದ್ದಾಗ ಅದೊಂದು ಅನುಕೂಲವೇ ಆಗಿತ್ತು.

ಚದುರಂಗ ಎಂದೆಯಲ್ಲ, ಹೌದು. ಗೆದ್ದವರು ಇಲ್ಲ, ಸೋತವರು ಇಲ್ಲ. ಆ ಪುಟ ಬೇಡ, ಓದುವವರಿಗೆ ಬೇಜಾರು.

ಮೇ 18ಕ್ಕೆ ಮನೆಯಲ್ಲೇ ಸೇರಿಸುತ್ತೇವೆ ಎಂದೆ. ಮನೆಯೊಳಗೋ, ಹೊರಗೋ? ಮನೆಯ ಹಿಂದಿನ ಜಾಗಕ್ಕೆ ಈಗ ಯಾರಾದರೂ ಹೋಗುತ್ತಾರೆಯೇ? ಸುಮ್ಮನೆ ಕೇಳಿದೆ.

ನಿಮ್ಮಪ್ಪನ
ಗಡಿಬಿಡಿ


ಮಾರ್ಚ್ 1

ಚಿಕ್ಕಪ್ಪನವರಿಗೆ,

ಸೂಜಿ! ಅಮ್ಮನಿಗೆ ಓದಿ ಹೇಳಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕರು. ನನಗೆ ಅಷ್ಟು ಸಾಕು.

ಸಭೆ ಹಿಂದಿನ ಜಾಗದಲ್ಲೇ. ನೀವು ನೋಡಿಲ್ಲವಲ್ಲ, ಹೇಳುತ್ತೇನೆ. ಮನೆ ಇರುವುದು ಇಳಿಜಾರಿನ ತುದಿಯಲ್ಲಿ. ಹಿತ್ತಲ ಬಾಗಿಲಿನಿಂದ ಕೆಳಗೆ ರಸ್ತೆಯ ತನಕ ನಮ್ಮದೇ ನೆಲ, ಬರೀ ಹುಲ್ಲು. ಒಂದು ಗಿಡವನ್ನೂ ಅಪ್ಪ ನೆಡಲಿಲ್ಲ, ನೆಡಲು ಬಿಡಲೂ ಇಲ್ಲ. ನಾವು ಚಿಕ್ಕವರಿದ್ದಾಗ ಅದಕ್ಕೆ ತಂತಿ ಬೇಲಿ, ಬೇಲಿಗೆ ಬೀಗ. ಅಣ್ಣ ಒಮ್ಮೆ ಚೆಂಡು ತರಲು ಬೇಲಿ ಹತ್ತಿದ್ದಕ್ಕೆ ತಿಂದ ಏಟು ಇವತ್ತಿಗೂ ಜ್ಞಾಪಿಸಿಕೊಳ್ಳುತ್ತಾನೆ. ಅಪ್ಪ ಕೈ ಎತ್ತಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಅವನಿಗಿಂತ ಜೋರಾಗಿ ತಾವೇ ಅತ್ತರಂತೆ. ಬೆಳಗಾದರೆ ಮಾತ್ರ ಅಪ್ಪ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಇಲಿಯ ಬಿಲ ಹುಡುಕಲು ಎಂದು ನಮಗೆ ಹೇಳುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಒಂದು ದಿನ ತಾವೇ ಬೇಲಿ ಕಿತ್ತು ಹಾಕಿ, ಅಮ್ಮನ ಕೈ ಹಿಡಿದು ರಸ್ತೆಯ ತನಕ ಇಳಿದು ಹೋದರು. ಐವತ್ತು ದಾಟಿದ ಹೆಂಗಸು ನಾಚಿಕೊಂಡು ಕೆಂಪಾಗಿದ್ದರು. ಅದರ ಮುಂದಿನ ವರ್ಷ ಯಾಕೋ ಕೆಳಗಿನ ಅರ್ಧಕ್ಕೆ ಮತ್ತೆ ಬೇಲಿ ಹಾಕಿದರು. ಇಲಿ ಮತ್ತೆ ಬಂತು ಎಂದರು.

ಕೊನೆಯ ಮೂರು ವಾರ ಅಪ್ಪನ ಮಾತು ನಿಂತುಹೋಗಿತ್ತು, ಬಲಗೈಯೂ ಬಿದ್ದುಹೋಗಿತ್ತು. ಎಡಗೈಯಲ್ಲಿ ಹಿತ್ತಲ ಕಿಟಕಿಯನ್ನೇ ತೋರಿಸುತ್ತಿದ್ದರು. ಆ ನೆಲವೆಂದರೆ ಅಷ್ಟು ಪ್ರೀತಿ. ಮಂಚವನ್ನು ಕಿಟಕಿಯ ಹತ್ತಿರ ಎಳೆದೆವು. ಆಗಲೂ ಕೈ ಇಳಿಸಲಿಲ್ಲ. ಅದಕ್ಕೇ ಅಣ್ಣ ಸಭೆ ಅಲ್ಲೇ ಆಗಬೇಕೆಂದು ಹಟ ಹಿಡಿದಿರುವುದು. ಬೇಲಿ ತೆಗೆಸಿದ್ದಾನೆ. ನೆಲ ಸಮ ಮಾಡುವ ಯಂತ್ರ ಮೇ ಮೊದಲ ವಾರ ಬರುತ್ತದೆ. ಎಂಬತ್ತು ಕುರ್ಚಿ. ಒಂದು ಕುರ್ಚಿ ನಿಮಗೆ.

ಇಂತಿ,
ಸೂಜಿಯ ಮಗಳು


ಮಾರ್ಚ್ 12

ಮಗಳೇ,

ಆ ಜಾಗ ಬೇಡ. ಇಳಿಜಾರಿನಲ್ಲಿ ಕುರ್ಚಿ ಹಾಕಿದರೆ ವಯಸ್ಸಾದವರು ಮುಗ್ಗರಿಸುತ್ತಾರೆ. ಮೇ ತಿಂಗಳ ಬಿಸಿಲು ಬೇರೆ. ಊರಲ್ಲಿ ಸಭಾಂಗಣ ಇಲ್ಲವೇ? ಶಾಲೆಯ ಕೊಠಡಿಯಾದರೂ ಸಿಗುತ್ತದೆ.

ಯಂತ್ರವನ್ನಂತೂ ತರಿಸಲೇಬೇಡಿ. ಹಳೆಯ ನೆಲ ಕೆದಕಬಾರದು. ಹಾವು ಇರುತ್ತವೆ, ಕಣಜ ಗೂಡು ಕಟ್ಟಿರುತ್ತವೆ.

ಬೇಲಿಯನ್ನು ಮತ್ತೆ ಹಾಕಿದ್ದು ಯಾವ ತಿಂಗಳು? ಕೆಳಗಿನ ಅರ್ಧ ಎಂದರೆ ರಸ್ತೆಯ ಕಡೆಯದೋ, ಹಳ್ಳದ ಕಡೆಯದೋ? ಆಮೇಲೂ ಸಲಾಕೆ ಹಿಡಿದು ಹೋಗುತ್ತಿದ್ದನೇ? ಮನೆಯಲ್ಲಿ ಮಕ್ಕಳಿದ್ದರೆ ಆ ಕಡೆ ಬಿಡಬೇಡಿ. ಪುಸ್ತಕಕ್ಕೆ ನಾಲ್ಕು ಪುಟ ಬರೆದು ಕಳಿಸುತ್ತೇನೆ, ಆದರೆ ಮೊದಲು ಇದಕ್ಕೆ ಉತ್ತರ ಬರೆ.

ಗಡಿಬಿಡಿ


ಮಾರ್ಚ್ 28

ಚಿಕ್ಕಪ್ಪನವರಿಗೆ,

ಬಿಸಿಲು, ಹಾವು, ಕಣಜ. ಒಂದೇ ಕಾಗದದಲ್ಲಿ ಇಷ್ಟು ನೆಪ ಹೇಳುವವರನ್ನು ನಾನು ನೋಡಿರಲಿಲ್ಲ. ಅಣ್ಣನಿಗೆ ತೋರಿಸಿದೆ. ಅವನು ಬಸ್ ಡಿಪೋದಲ್ಲಿ ಮೇಲ್ವಿಚಾರಕ, ದಿನವಿಡೀ ನೆಪ ಕೇಳುವುದೇ ಅವನ ಕೆಲಸ. "ಅವ್ರಿಗೆ ಬರೋಕೆ ಇಷ್ಟ ಇಲ್ಲ, ಅದಕ್ಕೆ ಹೀಗೆ ತಲೆ ತಿಂತಾರೆ. ಅಪ್ಪ ಪ್ರತಿ ವರ್ಷ ಬೇರೆ ಕಾಗದ ಹಾಕಿ ಕರೆದ್ರೂ ಒಂದ್ಸಲನಾದ್ರೂ ಬಂದ್ರಾ?" ಎಂದ.

ಬೇಲಿ ಮತ್ತೆ ಹಾಕಿದ್ದು ಜೂನ್‌ನಲ್ಲಿ ಎನ್ನುತ್ತಾನೆ ಅಣ್ಣ, ಹಳ್ಳದ ಕಡೆಗೆ. ಸಲಾಕೆ ಕೈಬಿಟ್ಟಿದ್ದು ಆಸ್ಪತ್ರೆ ಸೇರಿದ ದಿನ. ಯಾವ ತಿಂಗಳೆಂದು ಮೊದಲು ಅಮ್ಮನನ್ನು ಕೇಳಿದಾಗ ಬಟಾಣಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, "ಯಾಕೆ, ಆ ಮನುಷ್ಯ ಕೇಳಿದ್ರಾ?" ಎಂದರು. ಹೌದೆಂದೆ. "ಅವ್ರಿಗೆ ಕಾಗದ ಬರೆಯೋದು ಸಾಕು ಮಾಡು" ಎಂದು ಎದ್ದು ಒಳಗೆ ಹೋದರು. ಬಟಾಣಿ ಅಲ್ಲೇ ಉಳಿಯಿತು. ನಮ್ಮಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವವರಲ್ಲ.

ನಾನು ಹಿತ್ತಲಿಗೆ ಹೋಗಿ ನಿಂತೆ. ಅಣ್ಣನ ಐದು ವರ್ಷದ ಮಗಳು, ನಮ್ಮ ಗುಬ್ಬಿ, ಬೇಲಿ ಹೋದ ಸಂಭ್ರಮದಲ್ಲಿ ಹಳ್ಳದ ಪಕ್ಕ ಇಟ್ಟಿಗೆ ಜೋಡಿಸಿ ಆಟದ ಮನೆ ಕಟ್ಟಿಕೊಂಡಿದ್ದಾಳೆ. ಇಡೀ ನೆಲ ಹುಡುಕಿದೆ. ಒಂದೇ ಒಂದು ಇಲಿಯ ಬಿಲ ಸಿಗಲಿಲ್ಲ ಚಿಕ್ಕಪ್ಪ.

ಇನ್ನೊಂದು ನೆನಪಾಯಿತು. ವರ್ಷಕ್ಕೊಂದೆರಡು ಭಾನುವಾರ ಅಪ್ಪ ಅಮ್ಮನನ್ನೂ ನಮ್ಮನ್ನೂ ಬಲವಂತವಾಗಿ ಸಿನಿಮಾಕ್ಕೆ ಅಟ್ಟುತ್ತಿದ್ದರು. ತಾವು ಬರುತ್ತಿರಲಿಲ್ಲ. ನಾವು ವಾಪಸ್ ಬರುವ ಹೊತ್ತಿಗೆ ಸ್ನಾನ ಮಾಡಿ ಬಾಗಿಲಲ್ಲೇ ನಿಂತಿರುತ್ತಿದ್ದರು. ನಮ್ಮನ್ನು ಒಬ್ಬೊಬ್ಬರನ್ನೇ ಎತ್ತಿ ತಿರುಗಿಸಿ, ಅಮ್ಮನನ್ನೂ ಎತ್ತಲು ಹೋಗಿ ಬೈಸಿಕೊಳ್ಳುತ್ತಿದ್ದರು. ಅದನ್ನು ಪುಸ್ತಕದ ಮೊದಲ ಪುಟಕ್ಕೆ ಬರೆದಿದ್ದೆ. ನಿನ್ನೆ ಕರಡು ತಿದ್ದುತ್ತಾ ಕೂತಾಗ ಹೊಳೆಯಿತು. ಆ ಸಿನಿಮಾದ ಕಥೆಯನ್ನು ನಾನು ಮರುದಿನ ಅಂಚೆಯವರಿಗೆ ಹೇಳುತ್ತಿದ್ದೆ, ಏಕೆಂದರೆ ಮರುದಿನವೇ ನಿಮ್ಮ ಕಾರ್ಡು ಹಾಕಲು ಹೋಗುತ್ತಿದ್ದೆ. ಪ್ರತಿ ಸಲವೂ. ಸಿನಿಮಾ ಇಲ್ಲದೆ ಕಾರ್ಡು ಇಲ್ಲ.

ಅದು ಚದುರಂಗ ಅಲ್ಲ ಅಲ್ಲವೇ? ಅಪ್ಪ ಏನನ್ನು ಎಣಿಸುತ್ತಿದ್ದರು? ಬೇಗ ಬರೆಯಿರಿ. ಯಂತ್ರ ಏಪ್ರಿಲ್ 14ಕ್ಕೇ ಬರುತ್ತದಂತೆ.

ಸೂಜಿಯ ಮಗಳು


ಏಪ್ರಿಲ್ 4

ಮಗಳೇ,

ನಿಮ್ಮಪ್ಪನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಕೂತುಕೊಂಡು ಓದು.

ಆ ನೆಲದಲ್ಲಿ ನೆಲಬಾಂಬ್ ಹೂತವರು ನಾವಿಬ್ಬರು. ಯುದ್ಧದ ಕೊನೆಯ ತಿಂಗಳು ನಮ್ಮ ತುಕಡಿ ಹಿಂದಕ್ಕೆ ಸರಿಯುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಬರುವವರು ಇಳಿಜಾರು ಹತ್ತಬಾರದೆಂದು ಎರಡು ಸಾಲು ಹೂಳಲು ಆಜ್ಞೆಯಾಯಿತು. ಮೇಲಿನ ಸಾಲು ಸೂಜಿಯದು, ಹದಿನೈದು. ಕೆಳಗಿನ ಸಾಲು ನನ್ನದು, ಹದಿನಾಲ್ಕು. ಮರುದಿನ ನಕ್ಷೆ ಇದ್ದ ಲಾರಿಯೇ ಸುಟ್ಟುಹೋಯಿತು.

ಯುದ್ಧ ಮುಗಿದ ಮೇಲೆ ಸೂಜಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಚಪ್ಪಲಿ ಸವೆಸಿದ. ನಕ್ಷೆ ಇಲ್ಲ, ಹಾಗಾಗಿ ಅಲ್ಲಿ ಏನೂ ಇಲ್ಲ ಎಂದು ಬರೆದುಕೊಟ್ಟರು. ಅಷ್ಟರಲ್ಲಿ ಊರು ಆ ಕಡೆಗೆ ಬೆಳೆಯುತ್ತಿತ್ತು. ಸೈನ್ಯ ಬಿಟ್ಟವನೇ ಅವನು ಆ ನೆಲ ಕೊಂಡುಕೊಂಡ. "ಇನ್ನೊಬ್ಬರ ಮಗು ಕಾಲಿಡೋದಕ್ಕಿಂತ ನನ್ನ ಬೇಲಿಯೊಳಗೇ ಇರ್ಲಿ ಕಣೋ" ಎಂದು ಬರೆದಿದ್ದ. ಸಾಲಿನಿಂದ ದೂರಕ್ಕೆ, ಮೇಲ್ತುದಿಯಲ್ಲಿ ಮನೆ ಕಟ್ಟಿದ. ದಿನಾ ಬೆಳಿಗ್ಗೆ ಸಲಾಕೆಯಿಂದ ಅಂಗೈಯಗಲ ನೆಲ ಚುಚ್ಚಿ ನೋಡುವುದು. ಸಿಕ್ಕರೆ ಗುರುತು ಹಾಕಿ, ನಿಮ್ಮನ್ನು ಸಿನಿಮಾಕ್ಕೆ ಕಳಿಸಿ ತೆಗೆಯುವುದು. ನೀವು ವಾಪಸ್ ಬಂದಾಗ ನಿಮ್ಮನ್ನು ಯಾಕೆ ಎತ್ತಿ ತಿರುಗಿಸುತ್ತಿದ್ದ ಎಂದು ಈಗ ಗೊತ್ತಾಯಿತೇ? ಆ ಮಧ್ಯಾಹ್ನ ಅವನು ಬದುಕಿ ಉಳಿದಿರುತ್ತಿದ್ದ.

ಇಪ್ಪತ್ತೊಂಬತ್ತನೆಯ ಕಾರ್ಡು ಬಂದ ದಿನ ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ಅವನೊಬ್ಬನೇ ಮಾಡಿದ ಕೆಲಸ. ನಾನು ಒಂದು ದಿನವೂ ಹೋಗಿ ಜೊತೆಗೆ ಮಂಡಿಯೂರಲಿಲ್ಲ. ಕೈ ನಡುಗುತ್ತದೆ ಎಂದು ಬರೆಯುತ್ತಿದ್ದೆ.

ಆದರೂ ಅಲ್ಲಿ ಸಭೆ ಬೇಡ, ಯಂತ್ರವೂ ಬೇಡ. ಮುದುಕನ ಹಟ ಎಂದುಕೊಂಡಾದರೂ ಈ ಮಾತು ನಡೆಸಿಕೊಡು.

ಗಡಿಬಿಡಿ


ಏಪ್ರಿಲ್ 8

ಚಿಕ್ಕಪ್ಪನವರಿಗೆ,

ನಿಮ್ಮ ಕಾಗದವನ್ನು ಮುದ್ರಣಾಲಯದ ಮೆಟ್ಟಿಲ ಮೇಲೆ ಕೂತು ಓದಿದೆ. ಅತ್ತೆ, ಹೆಮ್ಮೆಪಟ್ಟೆ, ಅಪ್ಪನ ಮೇಲೆ ಸಿಟ್ಟೂ ಬಂತು. ಅಂಥ ಜಾಗದ ಪಕ್ಕದಲ್ಲಿ ನಮ್ಮನ್ನು ಬೆಳೆಸಿದರಲ್ಲ! ಆಮೇಲೆ ಅವರು ನಿಂತಿರುತ್ತಿದ್ದ ಬಾಗಿಲು ನೆನಪಾಗಿ ಆ ಸಿಟ್ಟೂ ನಿಲ್ಲಲಿಲ್ಲ.

ಸಂಜೆ ಅಣ್ಣನಿಗೆ ಓದಿ ಹೇಳಿದೆ. ಚೆಂಡಿನ ಏಟಿನ ಕಥೆ ಹೇಳಿ ನಗುವ ಅಣ್ಣ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಂತರ ಮೂಗು ಒರೆಸಿಕೊಂಡು, "ಇಪ್ಪತ್ತೊಂಬತ್ತು ಹೂತ್ರು, ಇಪ್ಪತ್ತೊಂಬತ್ತು ತೆಗೆದ್ರು. ಇನ್ನೇನು ಭಯ? ಅಪ್ಪ ಗೆದ್ದ ನೆಲ ಅದು. ಈಗಂತೂ ಸಭೆ ಅಲ್ಲೇ ಆಗ್ಬೇಕು" ಎಂದ. ಅವನು ಹೇಳುವುದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ, ತಪ್ಪು ಹುಡುಕುವುದೇ ನನ್ನ ಕೆಲಸವಾದರೂ.

ನಿಮ್ಮ ಕಾಗದವನ್ನು ಹಾಗೆಯೇ ಪುಸ್ತಕದಲ್ಲಿ ಅಚ್ಚು ಹಾಕುತ್ತೇನೆ. ಸೋಮವಾರ ಬೆಳಿಗ್ಗೆ ಯಂತ್ರ ಬರುತ್ತದೆ, ಹಳ್ಳದ ಕಡೆಯಿಂದ ಶುರು ಮಾಡುತ್ತಾರೆ. ಗುಬ್ಬಿ ತನ್ನ ಆಟದ ಮನೆ ಬೀಳಿಸಬಾರದೆಂದು ರಂಪ ಮಾಡುತ್ತಿದ್ದಾಳೆ. ನೀವು ಬರಲೇಬೇಕು. ಕುರ್ಚಿ ಮೊದಲ ಸಾಲಿನಲ್ಲಿ.

ಸೂಜಿಯ ಮಗಳು


ಏಪ್ರಿಲ್ 12

ಮಗಳೇ,

ನಿನ್ನ ಕಾಗದ ಈಗ ಬಂತು. ಪಕ್ಕದ ಔಷಧಿ ಅಂಗಡಿಯವನಿಂದ ನಿನ್ನ ಮುದ್ರಣಾಲಯಕ್ಕೆ ಫೋನು ಮಾಡಿಸಿದ್ದೇನೆ. "ಹಿಂದಿನ ನೆಲಕ್ಕೆ ಯಾರೂ ಕಾಲಿಡಬೇಡಿ, ಯಂತ್ರ ನಿಲ್ಲಿಸಿ, ಕಾಗದ ಬರುತ್ತಿದೆ." ಅಷ್ಟೇ ಹೇಳಿಸಿದೆ. ಉಳಿದದ್ದನ್ನು ಇನ್ನೊಬ್ಬರ ಬಾಯಿಂದ ಹೇಳಿಸಲು ನನ್ನಿಂದ ಆಗಲಿಲ್ಲ.

ಇಪ್ಪತ್ತೊಂಬತ್ತಲ್ಲ.

ಒಂದು ಪೆಟ್ಟಿಗೆಯಲ್ಲಿ ಇಪ್ಪತ್ತು ಇರುತ್ತವೆ. ನಾನು ಹದಿನಾಲ್ಕು ಹೂತು ಉಳಿದ ಆರನ್ನು ಹೊತ್ತು ತರಬೇಕಿತ್ತು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯ ಕಡೆಯಿಂದ ಗುಂಡು ಹಾರತೊಡಗಿತು. ನಾನು ಅಳತೆಯ ಹಗ್ಗ ಬಿಸಾಕಿ ಕಾಲಿಗೆ ಬುದ್ಧಿ ಹೇಳಿದೆ. ಪೆಟ್ಟಿಗೆ ಭಾರ. ಹಳ್ಳದ ಪಕ್ಕದಲ್ಲಿ ಎರಡನ್ನು ಕೈಗೆ ಸಿಕ್ಕ ಹಾಗೆ ಹೂತು, ನಾಲ್ಕನ್ನು ನೀರಿಗೆ ಎಸೆದೆ. ಮೇಲೆ ಹೋದಾಗ ಸೂಜಿ ಕೇಳಿದ, "ಉಳಿದ ಆರು?" ಎಲ್ಲವನ್ನೂ ಹಳ್ಳಕ್ಕೆ ಎಸೆದೆ ಎಂದೆ. ಅವನು ನಂಬಿದ.

ಅವನು ಆ ನೆಲ ಕೊಂಡಾಗ ಹೇಳಬೇಕಿತ್ತು. ಮೊದಲ ಕಾರ್ಡು ಬಂದಾಗ ಹೇಳಬೇಕಿತ್ತು. ಮುಂದಿನ ಕಾರ್ಡಿಗೆ ಹೇಳೋಣ, ಅದರ ಮುಂದಿನದಕ್ಕೆ ಹೇಳೋಣ ಎಂದು ಇಪ್ಪತ್ತೊಂಬತ್ತು ಸಲ ನಾಲಿಗೆ ಕಚ್ಚಿಕೊಂಡೆ. ಅವನು ಕರೆದಾಗಲೆಲ್ಲ ನಾನು ಬಾರದಿದ್ದದ್ದು ಅದಕ್ಕೇ, ಆ ಹಿತ್ತಲ ಬಾಗಿಲಲ್ಲಿ ನಿಂತು ಅವನ ಮುಖ ನೋಡುವುದು ಹೇಗೆ? ಮಾರ್ಚಿನಿಂದ ನಿನಗೆ ಬಿಸಿಲು, ಹಾವು ಎಂದು ಬರೆದವನೂ ಇದೇ ಹೇಡಿ.

ಮಗುವನ್ನು ಮನೆಯೊಳಗೆ ಇಟ್ಟುಕೊಳ್ಳಿ. ಈ ಕಾಗದವನ್ನು ಸೈನ್ಯದವರಿಗೆ ತೋರಿಸು.

ಗಡಿಬಿಡಿ


ಏಪ್ರಿಲ್ 27

ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಹಾಗೆಯೇ ಶುರು ಮಾಡುತ್ತಿದ್ದೇನೆ.

ಔಷಧಿ ಅಂಗಡಿಯವರ ಮಾತು ಶನಿವಾರ ನನಗೆ ತಲುಪಿತು. ಅಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಯಂತ್ರ ರಸ್ತೆಯಿಂದ ಮೇಲೆ ಹತ್ತುವ ಹೊತ್ತಿಗೆ ಹೋಗಿ ಅದರ ಮುಂದೆ ನಿಂತುಕೊಂಡೆ. ಕಾಗದ ಇನ್ನೂ ಬಂದಿರಲಿಲ್ಲ, ಕೈಯಲ್ಲಿ ಯಾವ ಆಧಾರವೂ ಇರಲಿಲ್ಲ. ಅಣ್ಣ ನನ್ನ ತೋಳು ಹಿಡಿದು ಎಳೆದ. "ಹುಚ್ಚು ಹಿಡಿದಿದ್ಯಾ? ಯಾರೋ ಕಿವುಡ ಹೇಳಿದ ಅಂತ ಊರವರ ಮುಂದೆ ಮಾನ ತೆಗೀತೀಯಾ?" ಎಂದು ಕೂಗಾಡಿದ. ಯಂತ್ರದ ಚಾಲಕ ಬೀಡಿ ಹಚ್ಚಿ ನಮ್ಮ ಜಗಳ ಮುಗಿಯಲೆಂದು ಕಾಯುತ್ತಾ ಕೂತ.

ಆಗ ಅಮ್ಮ ರಸ್ತೆಯ ಕಡೆಯಿಂದ ಸುತ್ತು ಹಾಕಿಕೊಂಡು ಬಂದರು. ಹಿತ್ತಲ ಮೂಲಕ ಬರಲಿಲ್ಲ, ಅದನ್ನು ನಾನು ಗಮನಿಸಿದೆ. ನನ್ನ ಪಕ್ಕ ನಿಂತು ಅಣ್ಣನಿಗೆ ಹೇಳಿದರು: "ಮೂವತ್ತು ಅಂದಿದ್ರು ಕಣೋ ನಿಮ್ಮಪ್ಪ."

ಹನ್ನೊಂದು ವರ್ಷದ ಹಿಂದಿನ ಜೂನ್‌ನಲ್ಲಿ, ಒಂದು ಭಾನುವಾರ ಅಮ್ಮ ಸಿನಿಮಾದಿಂದ ಬಂದಾಗ ಅಪ್ಪ ಬಾಗಿಲಲ್ಲಿ ಇರಲಿಲ್ಲವಂತೆ. ಹಿತ್ತಲ ಮೆಟ್ಟಿಲ ಮೇಲೆ ಮಣ್ಣು ಮೆತ್ತಿದ ಕೈಯಲ್ಲೇ ಕೂತಿದ್ದರಂತೆ. "ಮೂವತ್ತಾಯ್ತು ಕಣೇ" ಎಂದರಂತೆ. ಅಮ್ಮ "ಮತ್ತೆ ಅವ್ರಿಗೆ ಕಾರ್ಡು ಬರೀರಿ" ಎಂದದ್ದಕ್ಕೆ, "ಬೇಡ. ಬರೆದ್ರೆ ಅವನು ಸತ್ತುಹೋಗ್ತಾನೆ. ಮಕ್ಕಳಿಗೂ ಹೇಳ್ಬೇಡ" ಎಂದರಂತೆ. ಅಪ್ಪ ತೆಗೆಯುತ್ತಿದ್ದದ್ದು ಬಾಂಬ್ ಎಂದು ಅಮ್ಮನಿಗೆ ಗೊತ್ತಿತ್ತು, ಇನ್ನೂ ಎಷ್ಟಿವೆ ಎಂಬುದು ಗೊತ್ತಿರಲಿಲ್ಲ. ಈಗ ಅಣ್ಣ ಬೇಲಿ ತೆಗೆಸಿದಾಗ, ಅಪ್ಪ ಎಲ್ಲವನ್ನೂ ಮುಗಿಸಿಯೇ ಹೋಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಈಗ ಅವರು ಊಟಕ್ಕೆ ಕೂತರೂ ಏಳುತ್ತಾರೆ, ಮಲಗಿದರೂ ಏಳುತ್ತಾರೆ.

ಮಂಗಳವಾರ ನಿಮ್ಮ ಕಾಗದ ಬಂತು. ಗುರುವಾರ ಸೈನ್ಯದ ತಂಡ ಬಂತು. ಅವರ ಅಧಿಕಾರಿ ನನಗಿಂತ ಚಿಕ್ಕವಳು, ಮಾತು ಕಡಿಮೆ. ಅಪ್ಪ ತೆಗೆದ ಪ್ರತಿ ಗುಂಡಿಯನ್ನೂ ಹೊಳೆಯ ಮರಳಿನಿಂದ ತುಂಬಿದ್ದರು. ಹುಲ್ಲು ಕೆತ್ತಿದಾಗ ನೆಲದ ಮೇಲೆ ತಟ್ಟೆಯಗಲದ ಬಿಳಿ ಕಲೆಗಳು ಕಂಡವು. ಅವಳು ಎಣಿಸಿದಳು, ನಾನೂ ಎಣಿಸಿದೆ. ಮೂವತ್ತೊಂದು. ನೀವು ಹೇಳಿದ ಎರಡನ್ನೂ ಅಪ್ಪ ತೆಗೆದುಬಿಟ್ಟಿದ್ದರು.

ಆ ಎರಡು ಗಂಟೆ ನಾವು ಎಷ್ಟು ಖುಷಿಯಾಗಿದ್ದೆವು ಗೊತ್ತೇ? ಅಣ್ಣ ಎಲ್ಲರಿಗೂ ಟೀ ತರಿಸಿದ. ನಾನು ನಿಮ್ಮನ್ನು ಕ್ಷಮಿಸಿಯೂ ಬಿಟ್ಟಿದ್ದೆ.

ಮಧ್ಯಾಹ್ನ ಅವರಿಗೆ ಇನ್ನೊಂದು ಸಿಕ್ಕಿತು. ಅದರ ಮೇಲೆ ಮರಳಿರಲಿಲ್ಲ. ಗುಬ್ಬಿಯ ಇಟ್ಟಿಗೆ ಮನೆಯಿಂದ ಎರಡು ಅಡಿ. ನಮ್ಮನ್ನೆಲ್ಲ ರಸ್ತೆಯ ಆಚೆಗೆ ಕಳಿಸಿ ಅಲ್ಲೇ ಸಿಡಿಸಿದರು. ಹಿತ್ತಲ ಕಿಟಕಿಯ ಗಾಜು ಒಂದೂ ಉಳಿಯಲಿಲ್ಲ. ಗುಬ್ಬಿ ಅವತ್ತಿನಿಂದ ನೆಲಕ್ಕೆ ಕಾಲಿಡುವುದಿಲ್ಲ, ಎತ್ತಿಕೊಂಡೇ ಇರಬೇಕು. ಅಣ್ಣ ಡಿಪೋಗೆ ಹೋಗಿಲ್ಲ, ನನ್ನ ಮುಖ ನೋಡುವುದಿಲ್ಲ. ಅವರೆಲ್ಲ ಈಗ ನನ್ನ ಎರಡು ಕೋಣೆಯ ಮನೆಯಲ್ಲಿದ್ದಾರೆ. ಪುಸ್ತಕದ ಅಚ್ಚು ನಿಲ್ಲಿಸಿದ್ದೇನೆ.

ಇಪ್ಪತ್ತೊಂಬತ್ತನೆಯದರ ದಿನ ಅಪ್ಪನ ಕೆಲಸ ಮುಗಿದಿತ್ತು. ಅಮ್ಮನ ಕೈ ಹಿಡಿದು ನಡೆದಿದ್ದರು. ನಿಮ್ಮಿಂದಾಗಿ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಮಂಡಿಯೂರಿದರು, ಹನ್ನೊಂದು ವರ್ಷ. ಕೊನೆಗೆ ಮಾತಿಲ್ಲದೆ ಎಡಗೈ ತೋರಿಸಿದರೆ, ನಾವು ಮಂಚ ಎಳೆದು ಕಿಟಕಿಗೆ ಹಾಕಿ ಪುಣ್ಯ ಕಟ್ಟಿಕೊಂಡವರ ಹಾಗೆ ನಿಂತೆವು. ಇದನ್ನು ನಿಮಗೆ ಬರೆಯಬಾರದೆಂದು ಮೂರು ದಿನ ತಡೆದುಕೊಂಡೆ. ಬರೆಯದಿರಲು ನಾನು ಅಪ್ಪನಷ್ಟು ಒಳ್ಳೆಯವಳಲ್ಲ.

ಅಧಿಕಾರಿ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ, ಅದನ್ನೇ ನಾನೂ ಕೇಳುತ್ತೇನೆ. ಎರಡು ಎಂದು ಬರೆದಿರಿ. ಈಗ ಮೂರು ಆಗಿದೆ. ನಿಜವಾಗಿ ಎಷ್ಟು ಹೂತಿರಿ?

ಸೂಜಿಯ ಮಗಳು


ಮೇ 2

ಮಗಳೇ,

ಆರು.

ಒಂದನ್ನೂ ನೀರಿಗೆ ಎಸೆಯಲಿಲ್ಲ. ನೀರಿನ ತನಕ ನಾನು ಹೋಗಲೇ ಇಲ್ಲ. ಆರನ್ನೂ ಹಳ್ಳದ ಈಚೆಗೇ, ಎಲ್ಲಿ ಮಣ್ಣು ಮೆತ್ತಗಿತ್ತೋ ಅಲ್ಲಿ ತುರುಕಿ ಓಡಿದೆ. ಎಲ್ಲ ಸೇರಿ ಮೂವತ್ತೈದು. ಇನ್ನೂ ಮೂರು ಇವೆ.

ನಿನಗೆ ಎರಡು ಎಂದು ಬರೆದದ್ದು ಯಾಕೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಎರಡು ಎಂದರೆ ಗಾಬರಿಯಲ್ಲಿ ಆದ ತಪ್ಪು ಎಂದು ಕ್ಷಮಿಸುತ್ತಾರೆ. ಆರು ಎಂದರೆ ಯಾರು ಕ್ಷಮಿಸುತ್ತಾರೆ? ಮಗು ಅಲ್ಲಿ ಆಡುತ್ತಿದೆ ಎಂದು ಗೊತ್ತಿದ್ದೂ, ಕೊನೆಯ ಕಾಗದದಲ್ಲೂ ನನ್ನ ಮುಖ ಉಳಿಸಿಕೊಳ್ಳಲು ನೋಡಿದೆ.

ಪೆಟ್ಟಿಗೆಯಲ್ಲಿ ಎಷ್ಟು ಇರುತ್ತವೆ ಎಂದು ಸೂಜಿಗೆ ಗೊತ್ತಿತ್ತು. ಮೂವತ್ತನೆಯದು ಸಿಕ್ಕ ದಿನವೇ ಅವನಿಗೆ ಎಲ್ಲವೂ ಅರ್ಥವಾಗಿರಬೇಕು. ನೆಟ್ಟಗೆ ಒಂದು ಕಾರ್ಡು ಹಾಕಿ ಎಲ್ಲೆಲ್ಲಿ ಹೂತೆ ಎಂದು ನನ್ನನ್ನೇ ಕೇಳಬಹುದಿತ್ತು, ಹನ್ನೊಂದು ವರ್ಷದ ಕೆಲಸ ಒಂದು ವಾರದಲ್ಲಿ ಮುಗಿಯುತ್ತಿತ್ತು. ನಾನು ಸತ್ತುಹೋಗುತ್ತೇನೆ ಎಂದು ನಿಮ್ಮಮ್ಮನಿಗೆ ಹೇಳಿದನಂತಲ್ಲ, ಅದು ಅವನ ಒಳ್ಳೆಯತನ. ನಿಜ ಬೇರೆಯೇ ಇದೆ. ಕೇಳಿದ್ದರೂ ನಾನು ಒಂದು ಎಂದೋ ಎರಡು ಎಂದೋ ಸುಳ್ಳೇ ಹೇಳುತ್ತಿದ್ದೆ, ನಿನಗೆ ಹೇಳಿದ ಹಾಗೆಯೇ. ಆ ಸುಳ್ಳನ್ನು ನಂಬಿ ಅವನು ಸಲಾಕೆ ಕೆಳಗಿಟ್ಟಿದ್ದರೆ? ನನ್ನನ್ನು ಅವನು ಚೆನ್ನಾಗಿ ಬಲ್ಲವನು, ಅದಕ್ಕೇ ಕೇಳಲಿಲ್ಲ.

ಗುರುವಾರ ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತಿದ್ದೇನೆ. ಬಸ್ಸು ನಿಮ್ಮ ಕೆಳಗಿನ ರಸ್ತೆಯಲ್ಲೇ ನಿಲ್ಲುತ್ತದಂತೆ. ಅಂಕಿಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಕೆಳಗಿನ ಸಾಲಿನ ತುದಿಯಲ್ಲಿ ನನ್ನನ್ನು ನಿಲ್ಲಿಸಿದರೆ ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಬಗ್ಗಿದೆ ಎಂದು ಕಾಲಿಗೆ ನೆನಪಿದ್ದೀತು. ಆ ಅಧಿಕಾರಿಗೆ ಹೇಳು, ಅವಳ ಮುಂದೆ ನಾನು ನಡೆಯುತ್ತೇನೆ, ಹಿಂದೆ ಅಲ್ಲ. ನಿಧಾನವಾಗಿಯೇ ನಡೆಯುತ್ತೇನೆ.

ನಿಮ್ಮಮ್ಮನಾಗಲಿ ಅಣ್ಣನಾಗಲಿ ನನ್ನನ್ನು ನೋಡಬೇಕಾಗಿಲ್ಲ. ನೀನೂ ರಸ್ತೆಯ ಆಚೆಗೇ ಇರು. ಮಗುವನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗು.

ಗಡಿಬಿಡಿ